ತಿಕ್ಕಿದರೂ ಹೋಗದ ನೀಲಿ

ಕೊರೊನಾ ಬರೋದಕ್ಕೆ ಎರಡು ವರ್ಷ ಮುಂಚಿನ ಮಾತು. ಆಗ ರಾಯದುರ್ಗದ ನಮ್ಮ ಓಣಿಯಲ್ಲಿ ಜೀನ್ಸ್ ಪ್ಯಾಂಟಿನ ಕೆಲಸ ಇಲ್ಲದ ಮನೆ ಇರಲಿಲ್ಲ. ಕೆಲವರು ಹೊಲಿಯೋರು, ಕೆಲವರು ಗುಂಡಿ ಹಾಕೋರು. ನನ್ನಂಥ ವಯಸ್ಸಾದವರು ಹೊಲಿದ ಪ್ಯಾಂಟು ತೊಡೆ ಮೇಲೆ ಹಾಕ್ಕೊಂಡು ಉಳಿದ ದಾರ ಕತ್ತರಿಸೋರು. ನಾನು ಹುಟ್ಟಿದ್ದು ಮಡಕಶಿರಾ ಕಡೆ, ಕೊಟ್ಟಿದ್ದು ರಾಯದುರ್ಗಕ್ಕೆ. ಗಂಡ ಸತ್ತ ಮೇಲೆ ಈ ದಾರ ಕತ್ತರಿಸೋದೇ ನನ್ನ ಹೊಟ್ಟೆಪಾಡು.

ಆ ವರ್ಷ ನನ್ನ ತಮ್ಮ ಈರಣ್ಣ ಊರಿಂದ ಅವನ ಮಗಳು ಲಕ್ಷ್ಮಿಯನ್ನ ಕರ್ಕೊಂಡು ಬಂದ. ಇಪ್ಪತ್ತು ವರ್ಷದವಳು, ಮಷಿನ್ ಕೆಲಸ ಕಲಿತಿದ್ದಳು.

“ಅಕ್ಕಾ, ಬೆಂಗ್ಳೂರಿಗೆ ಗಾರ್ಮೆಂಟ್ಸಿಗೆ ಹೋಗ್ತೀನಿ ಅಂತಾವ್ಳೆ. ಅಷ್ಟು ದೂರ ಬ್ಯಾಡ. ನಿನ್ ತಾವ ಇರ್ಲಿ. ಇನ್ಮೇಲೆ ಇವ್ಳು ನಿನ್ ಜವಾಬ್ದಾರಿ,” ಅಂದ.

“ಬಿಟ್ಟು ಹೋಗು. ಉಣ್ಣಾಕ ಹಾಕ್ತೀನಿ, ಬೈತೀನಿ. ಎರಡೂ ಮಾಡ್ತೀನಿ,” ಅಂದೆ.

ಹೊಸ ಜೀನ್ಸ್ ಬಟ್ಟೆ ಬಣ್ಣ ಬಿಡ್ತದೆ. ಅದನ್ನ ಮುಟ್ಟಿದವರ ಕೈ, ತೊಡೆ, ಮೂಗು ಒರೆಸಿಕೊಂಡರೆ ಮೂಗು, ಎಲ್ಲಾ ನೀಲಿ. ಸೋಪು ಹಚ್ಚಿ ತೊಳೆದರೂ ಉಗುರಿನ ಸಂದಿಯಲ್ಲಿ ಉಳೀತದೆ. ಹಂಗಾಗಿ ಲಕ್ಷ್ಮಿ ಬಂದು ನಾಲ್ಕೈದು ತಿಂಗಳಿಗೆ ಅವಳ ತೋಳು, ತೊಡೆ ಮೇಲೆ ನೀಲಿ ಕಂಡಾಗ ನಾನು ಎರಡನೇ ಸಲ ನೋಡಲಿಲ್ಲ. ಬಣ್ಣ ಅಂದೆ. ಅವಳೂ ಬಣ್ಣ ಅಂದಳು. ಭಾನುವಾರ ನೀರು ಹಾಕುವಾಗ ತೆಂಗಿನ ನಾರು ತಗೊಂಡು ತಿಕ್ಕಿದೆ.

“ಅತ್ತೆ, ಬಿಡು, ಉರೀತೈತೆ!”

“ನಾಳೆ ನೋಡಾಕ ಬಂದ ಗಂಡಿನೋರು ಇದೇನು ಅಂದ್ರ ಏನ್ ಹೇಳ್ತಿ? ಸುಮ್ನ ಕುಂದ್ರು.”

ಪಕ್ಕದ ಮನೆ ಹುಸೇನಬಿ ಗೋಡೆ ಮೇಲಿಂದ ಇಣುಕಿ, “ಶಂಕ್ರಮ್ಮಾ, ಅದು ನಿನ್ ಸೊಸಿ, ಪ್ಯಾಂಟಲ್ಲ. ಜೀನ್ಸ್ ತೊಳ್ಯೋ ಹಂಗ ಕಲ್ಲು ಹಾಕಿ ತೊಳ್ದೀಯ ಮತ್ತ,” ಅಂದಳು. ಮೂವರೂ ನಕ್ಕೆವು.

ಮರುದಿನ ನೀಲಿ ಇನ್ನೂ ಹೆಚ್ಚಾಗಿತ್ತು. ಈ ಸಲದ ಬಟ್ಟೆಯೇ ಕೆಟ್ಟದ್ದು ಅಂತ ಬಟ್ಟೆ ಕಳಿಸಿದವನನ್ನ ಬೈದೆ. ಜನ ನೋಡಬಾರದು ಅಂತ ಅವಳಿಗೆ ಉದ್ದ ತೋಳಿನ ಚೂಡಿದಾರ ಹಾಕಿಸಿದೆ.

ಅದೇ ಹೊತ್ತಿಗೆ ಅವಳಿಗೆ ಹಲ್ಲು ನೋವು ಸುರುವಾಯ್ತು. ಕೆಳಗಿನ ದವಡೆ ಹಲ್ಲು, ಹುಳುಕು. ಲವಂಗ ಇಟ್ಟೆ. ಮೆಡಿಕಲ್ ಅಂಗಡಿಯಿಂದ ಜೋರು ನೋವಿನ ಗುಳಿಗೆ ತಂದು ಐದು ದಿನ ನುಂಗಿಸಿದೆ. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ರಕ್ತ. “ಬ್ರಶ್ಶನ್ನ ಮಷಿನ್ ಓಡಿಸಿದಂಗ ಓಡಿಸಬ್ಯಾಡ,” ಅಂತ ಬೈದೆ. ಆ ತಿಂಗಳು ಮುಟ್ಟು ಹತ್ತು ದಿನವಾದರೂ ನಿಲ್ಲಲಿಲ್ಲ. ಅದಕ್ಕೆ ಮೆಂತ್ಯ ನೆನೆಸಿ ಕುಡಿಸಿದೆ. ಇವನ್ನೆಲ್ಲ ಒಂದಕ್ಕೊಂದು ಸೇರಿಸಿ ನೋಡೋ ಬುದ್ಧಿ ನನಗೆ ಬರಲಿಲ್ಲ.

ಆರನೇ ದಿನ ಕೆನ್ನೆ ಊದಿಕೊಂಡಿತು. ಹಲ್ಲಿನ ಡಾಕ್ಟರ ಹತ್ತಿರ ಎಳ್ಕೊಂಡು ಹೋದೆ. ಡಾಕ್ಟರು ಹೆಣ್ಣುಮಗಳು, ಚಿಕ್ಕ ವಯಸ್ಸು.

“ಕಿತ್ತು ಹಾಕ್ರಿ ಡಾಕ್ಟರಮ್ಮ. ಮಧ್ಯಾಹ್ನಕ್ಕ ಇಕಿ ಮಷಿನ್ ಮುಂದ ಕುಂದ್ರಬೇಕು.”

“ಮೊದ್ಲು ಬಿಪಿ ನೋಡ್ತೀನ್ರಿ.”

“ಇಪ್ಪತ್ತು ವರ್ಷದಾಕಿಗೆ ಬಿಪಿ ಯಾಕ್ರಿ? ಬೇಕಿದ್ರ ನಂದು ನೋಡ್ರಿ.”

ಆಕೆ ನಕ್ಕು ಲಕ್ಷ್ಮಿಯ ತೋಳು ಮೇಲಕ್ಕೆ ಸರಿಸಿದಳು. “ಇದೇನ್ರಿ ಇಷ್ಟು ನೀಲಿ?” ಅಂದಳು. “ಜೀನ್ಸ್ ಬಣ್ಣ ರೀ,” ಅಂದೆ. ಈ ಊರಲ್ಲಿ ಎಲ್ಲರ ಕೈಯೂ ನೀಲಿ ಅಲ್ವಾ, ಆಕೆಯೂ ನಂಬಿದಳು. ಬಿಪಿ ಪಟ್ಟಿ ಸುತ್ತಿ ಗಾಳಿ ಹೊಡೆದು, ನೋಡಿ, ಬಿಚ್ಚಿದಳು. ಪಟ್ಟಿ ಬಿಗಿದಿದ್ದ ಜಾಗದಲ್ಲಿ ರಾಗಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕಿ ಎದ್ದಿದ್ದವು.

ಆಕೆಯ ಮುಖದ ನಗು ಹೋಯ್ತು. ತುಂಬಿಸಿಟ್ಟಿದ್ದ ಸೂಜಿಯನ್ನ ದೂರ ಸರಿಸಿದಳು. ಹತ್ತಿಗೆ ಸ್ಪಿರಿಟ್ ಹಾಕಿ ಆ ನೀಲಿಯನ್ನ ಮೆಲ್ಲಗೆ ಒರೆಸಿದಳು. ಇನ್ನೊಂದು ಸಲ ಒರೆಸಿದಳು. ಹತ್ತಿಯನ್ನ ತಿರುಗಿಸಿ ನನ್ನ ಕಣ್ಣ ಮುಂದೆ ಹಿಡಿದಳು.

ಹತ್ತಿ ಬೆಳ್ಳಗಿತ್ತು.

“ಬಣ್ಣ ಆಗಿದ್ರ ಹತ್ತಿಗೆ ಬರಬೇಕಿತ್ತಲ್ಲಮ್ಮ? ಇದು ಚರ್ಮದ ಒಳಗ ಇಳ್ದಿರೋ ರಕ್ತ.” ಆಮೇಲೆ ನನ್ನ ಕಡೆ ಒಮ್ಮೆ ನೋಡಿ, “ನಿನ್ನ ಯಾರಾದ್ರೂ ಹೊಡೀತಾರೇನವ್ವ?” ಅಂತ ಹುಡುಗಿಯನ್ನ ಕೇಳಿದಳು.

“ಇಲ್ಲ. ಅತ್ತೆ ಬೈತದೆ, ಹೊಡಿಯಾಕಿಲ್ಲ,” ಅಂದಳು ಲಕ್ಷ್ಮಿ.

ಹೊಡೆದಿರಲಿಲ್ಲ, ನಿಜ. ನಾರು ಹಿಡಿದು ತಿಕ್ಕಿದ್ದು ನನ್ನ ಕೈಯೇ ಅಲ್ವಾ.

ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಕಳಿಸಿದಳು. ಲ್ಯಾಬಿನವನು ಕಾಗದ ಕೊಡೋದು ಬಿಟ್ಟು ತಾನೇ ಡಾಕ್ಟರಿಗೆ ಫೋನ್ ಮಾಡಿದ. ಆಕೆ ನನ್ನನ್ನ ಕೂಡಿಸಿ ಹೇಳಿದಳು: “ರಕ್ತ ಹೆಪ್ಪುಗಟ್ಟಾಕ ಪ್ಲೇಟ್‌ಲೆಟ್ ಅಂತ ಇರ್ತಾವ್ರಿ. ಲಕ್ಷದ ಲೆಕ್ಕದಾಗ ಇರಬೇಕಾದ್ದು ಈಕಿಗೆ ಕೆಲವೇ ಸಾವಿರ ಅದಾವ. ನಾನು ಸೂಜಿ ಚುಚ್ಚಿ ಹಲ್ಲು ಕಿತ್ತಿದ್ರ ಆ ರಕ್ತ ನಿಲ್ಲಿಸಾಕ ನನ್ ಕೈಲಿ ಆಗ್ತಿರ್ಲಿಲ್ಲ. ಇವತ್ತೇ ಬಳ್ಳಾರಿಗೆ ಹೋಗ್ರಿ.”

ಕಿತ್ತು ಹಾಕ್ರಿ ಅಂತ ನಾನೇ ಅಂದಿದ್ದೆ. ಬಿಪಿ ಯಾಕೆ ಅಂದವಳೂ ನಾನೇ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ರಕ್ತದ ಡಾಕ್ಟರು ಅವಳನ್ನ ಸೇರಿಸಿಕೊಂಡರು. ಅವಳ ಮೈಯೇ ಅವಳ ಪ್ಲೇಟ್‌ಲೆಟ್ಟನ್ನ ಕೊಲ್ತಾ ಇದೆ, ಯಾರ ತಪ್ಪಿನಿಂದಲೂ ಬರೋದಲ್ಲ, ಅಂಟೋದೂ ಅಲ್ಲ ಅಂದರು. ನೋವಿಗೆ ಏನು ಕೊಟ್ಟಿರಿ ಅಂತ ಕೇಳಿದರು. ಸೆರಗಿನ ಗಂಟಲ್ಲಿದ್ದ ಗುಳಿಗೆಯ ಖಾಲಿ ಪಟ್ಟಿ ತೋರಿಸಿದೆ.

“ಇದು ರಕ್ತ ಇನ್ನೂ ಹರಿಯೋ ಹಾಗೆ ಮಾಡ್ತದೆ. ಯಾರು ಕೊಟ್ಟಿದ್ದು?”

“ನಾನ ಕೊಟ್ಟಿದ್ರಿ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ಲೇಟ್‌ಲೆಟ್ ಏರೋಕೆ ಒಂದು ಗುಳಿಗೆ, ಊತ ಇಳಿಯೋಕೆ ಇನ್ನೊಂದು, ನೋವಿಗೆ ಬರೀ ಜ್ವರದ ಗುಳಿಗೆ. ಹಲ್ಲು ಈಗಲೇ ಮುಟ್ಟೋ ಹಾಗಿಲ್ಲ ಅಂದರು. ಮೂರನೇ ದಿನ ತಮ್ಮ ಬಂದ. “ಹಲ್ಲು ನೋವಿಗೆ ಯಾರಾದ್ರೂ ಮಂಚ ಹಿಡೀತಾರಾ ಅಕ್ಕಾ? ನಮ್ಮೂರ ಕಡೆ ಹಲ್ಲು ಕೀಳೋನು ಅವ್ನೆ, ಒಂದ್ ನಿಮಿಷದ ಕೆಲ್ಸ. ಕರ್ಕೊಂಡ್ ಹೋಗ್ತೀನಿ,” ಅಂದ. ನಾನು ಹುಡುಗಿಯ ತೋಳು ಹಿಡಿದು ತೋರಿಸಿದೆ. “ಇದ್ನ ಬಣ್ಣ ಅಂತ ತಿಕ್ಕಿದ ಕತ್ತೆ ನಾನು. ಇನ್ನೊಂದು ಕತ್ತೆ ಬ್ಯಾಡ. ಸುಮ್ನ ಕುಂದ್ರು,” ಅಂದೆ. ಕುಂತ.

ಮೂರು ವಾರ ಕಾದೆವು. ರಕ್ತ ನೋಡಿ ನೋಡಿ, ಇನ್ನು ಸಾಕು ಅನ್ನೋವಷ್ಟು ಏರಿದ ಮೇಲೆ ರಕ್ತದ ಡಾಕ್ಟರು ಅದೇ ಆಸ್ಪತ್ರೆಯ ಹಲ್ಲಿನ ಡಾಕ್ಟರ ಜೊತೆ ಮಾತಾಡಿ ದಿನ ಇಟ್ಟರು. ಬೆಳಿಗ್ಗೆ ಹೊತ್ತೇ ಇಟ್ಟರು. ರಕ್ತ ಬಂದರೆ ನೋಡಿಕೊಳ್ಳೋಕೆ ಇಡೀ ಹಗಲು ಇರಬೇಕಂತೆ. ಬೇಕಾದರೆ ಇರಲಿ ಅಂತ ಪ್ಲೇಟ್‌ಲೆಟ್ ಚೀಲವನ್ನೂ ಹೇಳಿಟ್ಟಿದ್ದರು. ನಾನು ಮನೆಯಿಂದ ಎರಡು ಟವೆಲ್ಲು, ಒಂದು ಬೋಗುಣಿ ತಂದು ಬಾಗಿಲಲ್ಲಿ ಕುಂತೆ.

ಹಲ್ಲು ಕಿತ್ತು, ವಸಡಿಗೆ ಎರಡು ಹೊಲಿಗೆ ಹಾಕಿ, ಔಷಧಿಯಲ್ಲಿ ಅದ್ದಿದ ಬಟ್ಟೆ ಕಚ್ಚಿಸಿ ಹೊರಗೆ ಕರ್ಕೊಂಡು ಬಂದರು. ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಬಿಸಿ ತಿನ್ನಬಾರದು ಅಂದರು. ಅರ್ಧ ಗಂಟೆಗೆ ಬಟ್ಟೆ ತೆಗೆದಾಗ ನಾನು ಟವೆಲ್ಲು ಹಿಡಿದು ಎದ್ದು ನಿಂತೆ. ರಕ್ತ ಇದ್ದದ್ದು ಒಂದು ಪ್ಯಾಂಟಿನ ಗುಂಡಿಯಷ್ಟು. ಹೊಸದಾಗಿ ಬರಲಿಲ್ಲ. ಸಂಜೆವರೆಗೂ ಬರಲಿಲ್ಲ. ಲಕ್ಷ್ಮಿ ನನ್ನ ಬೋಗುಣಿ ನೋಡಿ, ಮಾತಾಡೋಕೆ ಆಗದೆ, ಕೈಯಲ್ಲೇ ಅನ್ನ ಕಲೆಸಿ ತಿನ್ನೋ ಹಾಗೆ ಮಾಡಿ ತೋರಿಸಿದಳು. ಆ ಬೋಗುಣಿಯಲ್ಲೇ ತಣ್ಣಗಿನ ರಾಗಿ ಗಂಜಿ ಕುಡಿಸಿದೆ.

ಈಗವಳಿಗೆ ಮದುವೆಯಾಗಿದೆ. ಕಾಯಿಲೆ ಮುಚ್ಚಿಟ್ಟು ಕೊಟ್ಟಿಲ್ಲ. ನಾನೇ ಗಂಡಿನ ಮನೆಯವರ ಮುಂದೆ ಕುಂತು ಹೇಳಿದ್ದೇನೆ. ಪ್ಲೇಟ್‌ಲೆಟ್ ಒಮ್ಮೊಮ್ಮೆ ಇಳೀತದೆ, ಔಷಧಿಗೆ ಏರ್ತದೆ. ಯಾವ ಡಾಕ್ಟರ ಹತ್ತಿರ ಹೋದರೂ ಅವಳು ಮೊದಲು ಇದನ್ನ ಹೇಳಿ ಆಮೇಲೆ ಬಾಯಿ ತೆರೀತಾಳೆ.

ನಾನು ಈಗಲೂ ದಾರ ಕತ್ತರಿಸ್ತೀನಿ. ನಮ್ಮ ಓಣಿಯಲ್ಲಿ ಯಾವ ಹುಡುಗಿಯ ತೋಳ ಮೇಲೆ ನೀಲಿ ಕಂಡರೂ ಕರೆದು, ಹೆಬ್ಬೆರಳು ಒದ್ದೆ ಮಾಡಿ, ಮೆಲ್ಲಗೆ ಒರೆಸಿ ನೋಡ್ತೀನಿ. “ಬಂತು ನಮ್ಮ ಡಾಕ್ಟರು,” ಅಂತ ಹುಸೇನಬಿ ನಗ್ತಾಳೆ. ನಗಲಿ. ನೀಲಿ ನನ್ನ ಬೆರಳಿಗೆ ಹತ್ತೋವರೆಗೂ ನಾನು ಉಸಿರು ಹಿಡಿದಿರ್ತೀನಿ.