ಖಾಲಿ ಬಿಟ್ಟ ಹೆಸರಿನ ಜಾಗ

ಹೆಸರನ್ನು ವಿಳಾಸವಾಗಿ ಬಿಡಿಸಿಕೊಡುವ ಕೆಲಸಕ್ಕೆ ನಾನು ಸೇರಿದ್ದು ಆರನೇ ವಯಸ್ಸಿನಲ್ಲಿ. ರೇಷನ್ ಕಾರ್ಡಿನ ಆಫೀಸಿನಲ್ಲಿ ಗುಮಾಸ್ತರು ಅವ್ವನನ್ನು “ಯಜಮಾನ್ರ ಹೆಸರೇನ್ರಿ?” ಎಂದು ಕೇಳಿದರೆ ಅವ್ವ ತಲೆ ಮೇಲೆ ಸೆರಗು ಎಳೆದುಕೊಂಡು ನನ್ನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ತಳ್ಳುತ್ತಿದ್ದಳು. “ಅಕಿಗಿ ಕೇಳ್ರಿ.” ನಾನು ಕತ್ತು ಎತ್ತಿ ಅಪ್ಪನ ಹೆಸರು, ಓಣಿ, ಮನೆ ನಂಬರು ಎಲ್ಲವನ್ನೂ ಒಂದೇ ಉಸಿರಿಗೆ ಒದರುತ್ತಿದ್ದೆ. ಅದಕ್ಕೆ ನನ್ನ ಸಂಬಳ ಒಂದು ಶೇಂಗಾ ಚಿಕ್ಕಿ.

ನಮ್ಮ ಮನೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಮಾವನ ಹೆಸರನ್ನಂತೂ ಕೇಳಲೇಬೇಡಿ. ಗಂಡನ ಹೆಸರಿಗಾದರೆ ಸೀಮಂತದಲ್ಲೋ ಮದುವೆಯಲ್ಲೋ ಪದ್ಯದಂತೆ ಒಡಪು ಕಟ್ಟಿ ಒಂದು ಸಲ ಹೇಳಿ ನಾಚಿಕೊಳ್ಳುವ ದಾರಿ ಇದೆ. ಮಾವನ ಹೆಸರಿಗೆ ಆ ದಾರಿಯೂ ಬಂದ್. ಅಪ್ಪನ ಮಗಳಾದ ನನಗೆ ಇದ್ಯಾವುದರ ಹಂಗೂ ಇರಲಿಲ್ಲ.

ಈಗ ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ, ಅದರಲ್ಲೂ ಕಂಪ್ಯೂಟರುಗಳು ಒಂದನ್ನೊಂದು ಹುಡುಕಿಕೊಳ್ಳುವ ಪಾಠ. ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಜಗತ್ ಸರ್ಕಲ್ಲಿನಲ್ಲಿ ಆಟೋ ಹತ್ತಿ ದವಾಖಾನೆಯ ಹೆಸರು ಹೇಳಿದರೆ ಆಟೋದವನು ಗೇಟಿಗೆ ತಂದು ಬಿಡುತ್ತಾನೆ. ಆದರೆ ಒಳಗೆ ಹೋದ ಮೇಲೆ ಹಲ್ಲಿನ ಡಾಕ್ಟರ ಬಾಗಿಲೋ ಕಣ್ಣಿನ ಡಾಕ್ಟರ ಬಾಗಿಲೋ ಅದನ್ನೂ ಹೇಳಬೇಕು. ಪ್ರೋಗ್ರಾಮಿಗೂ ಹಾಗೆಯೇ ಎರಡು ಬೇಕು: ಯಾವ ಕಂಪ್ಯೂಟರು, ಅದರಲ್ಲಿ ಯಾವ ಕೆಲಸ. ಎರಡೂ ಹೆಸರು ಕೊಟ್ಟರೆ ಅಂಕಿಗಳ ಒಂದು ಸಾಲು ಮತ್ತು ಬಾಗಿಲಿನ ನಂಬರು ಸಿಗುತ್ತದೆ. ಅದಕ್ಕೆ ಸಾಕೆಟ್ ವಿಳಾಸ ಎನ್ನುತ್ತಾರೆ. ಇಷ್ಟನ್ನು ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ, ಹಾಗಾಗಿ ನನಗೆ ಎಲ್ಲ ಗೊತ್ತು ಎಂಬ ಸೊಕ್ಕೂ ಇತ್ತು.

ಸ್ಟೇಶನ್ ಬಜಾರದಲ್ಲಿ ನಮ್ಮದೊಂದು ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ ಇದೆ. ಅಪ್ಪ ಶುರು ಮಾಡಿದ್ದು, ಅಪ್ಪ ಹೋದ ಮೇಲೆ ಅಣ್ಣ ನಡೆಸುತ್ತಾನೆ. ಬೋರ್ಡಿನ ಮೇಲೆ ಅಪ್ಪನ ಹೆಸರು, ವ್ಯಾನಿನ ಮೇಲೆ ಅಪ್ಪನ ಹೆಸರು, ನೀರಿನ ಡ್ರಮ್ಮಿನ ಮೇಲೂ ಅಪ್ಪನ ಹೆಸರು. ವೈನಿ, ಅಂದರೆ ಅಣ್ಣನ ಹೆಂಡತಿ, ಮದುವೆಯಾದಂದಿನಿಂದ ಅದರ ಹಿಂದಿನ ಕೋಣೆಯಲ್ಲಿ ಕೂತು ಕಾರ್ಡು ಮಡಚುತ್ತ, ಕವರು ಅಂಟಿಸುತ್ತ, ಕಾಗುಣಿತ ತಿದ್ದುತ್ತ ಹದಿನೆಂಟು ವರ್ಷ ಕಳೆದಿದ್ದರು. ಗಿರಾಕಿಗಳ ಮುಂದೆ ಕೂರುತ್ತಿದ್ದವನು ಅಣ್ಣ. ವೈನಿಗೂ ಎದುರಿಗೆ ಒಂದು ಮೇಜು, ತಾವೇ ಗಿರಾಕಿಗೆ “ಬರ್ರಿ, ಕೂಡ್ರಿ” ಅನ್ನುವ ಒಂದು ಕುರ್ಚಿ ಬೇಕಾಗಿತ್ತು. ತವರೂರು ಕಮಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಮಳಿಗೆ ಸಿಕ್ಕಿತು. ಅಲ್ಲಿ ಆರ್ಡರು ತಗೊಳ್ಳುವುದು, ಇಲ್ಲಿ ಅಚ್ಚುಹಾಕುವುದು ಎಂದು ಹಟ ಹಿಡಿದರು.

ಅಣ್ಣ ಮೀಸೆಯಲ್ಲೇ ನಕ್ಕ. “ನಿನ್ನ ಬಲ್ಲಿ ಯಾರ್ ಬರ್ತಾರ? ಹದಿನೈದು ದಿವ್ಸ ನೋಡ್ತೀನಿ. ಒಂದೂ ಆರ್ಡರ್ ಬರ್ಲಿಲ್ಲಂದ್ರ ಬೋರ್ಡ್ ಇಳಸ್ತೀನಿ.”

ವೈನಿ ಬಟ್ಟೆಯ ಚೀಲ ತುಂಬಿಕೊಂಡು ತವರಿಗೆ ಹೊರಟರು. ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದರು: “ಆರ್ಡರ್ ಬಂದಾವ ಅಂತ ಅವ್ರ ಬಾಯಿಂದ ಬರೂತನಕ ನಾ ಅವ್ರಿಗಿ ಫೋನ್ ಮಾಡಂಗಿಲ್ಲ, ನೋಡ್ರಿ.” ಅಣ್ಣನೂ ಅಷ್ಟೇ. ಅವಳೇ ಮೊದಲು ಮಾಡಲಿ ಅಂತ.

ನಡುವೆ ನಾನು ಶಾಣ್ಯಾತನ ತೋರಿಸಲು ಹೋದೆ. ಮೊಬೈಲಿನಲ್ಲಿ ಫೋಟೊ ಕಳಿಸುವ ಪದ್ಧತಿಯಿಂದ ಹಿಂದೊಮ್ಮೆ ಒಬ್ಬರ ವರನನ್ನು ಇನ್ನೊಬ್ಬರ ವಧುವಿನ ಕಾರ್ಡಿನಲ್ಲಿ ಕೂರಿಸಿ ಬೈಸಿಕೊಂಡಿದ್ದೆವು. ಅದಕ್ಕೇ ಒಂದು ಪ್ರೋಗ್ರಾಂ ಬರೆದೆ. ಕಮಲಾಪುರದಲ್ಲಿ ಕಾರ್ಡಿನ ಒಕ್ಕಣೆ ಟೈಪ್ ಮಾಡಿ ಒತ್ತಿದರೆ ಸ್ಟೇಶನ್ ಬಜಾರದ ಕಂಪ್ಯೂಟರಿಗೆ ಬರಬೇಕು. ಅಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಆ ಅಂಕಿಗಳ ಸಾಲು ಬದಲಾಗುತ್ತಿತ್ತು. ಅದಕ್ಕೆ ಆ ಕಂಪ್ಯೂಟರಿಗೆ ಒಂದು ಹೆಸರು ಕೊಡಿಸಿದೆ. ಏನು ಹೆಸರು ಇಡಲಿ ಎಂದು ಅಣ್ಣನನ್ನು ಕೇಳಿದ್ದಕ್ಕೆ, “ಅಪ್ಪಂದಾ ಇಡು. ಮತ್ಯಾರ್ದು ಇಡ್ತಿ?” ಎಂದ. ನನಗೂ ಸರಿ ಅನ್ನಿಸಿತು.

ಎರಡೂ ಕಡೆ ಒಂದೇ ಪ್ರೋಗ್ರಾಂ ಹಾಕಿದೆ. ಕಳಿಸುವುದಕ್ಕೂ ಅದೇ, ಬಂದದ್ದನ್ನು ಇಟ್ಟುಕೊಳ್ಳುವುದಕ್ಕೂ ಅದೇ. ‘ಕೆಲಸ’ ಎಂಬ ಜಾಗದಲ್ಲಿ ‘ಆರ್ಡರ್’ ಎಂದು ನಾನೇ ತುಂಬಿಟ್ಟಿದ್ದೆ. ‘ಯಾವ ಕಂಪ್ಯೂಟರಿಗೆ’ ಎಂಬ ಜಾಗವನ್ನು ಮಾತ್ರ ಪ್ರತಿ ಸಲ ಟೈಪ್ ಮಾಡಬೇಕಿತ್ತು, ಏಕೆಂದರೆ ಅದನ್ನು ನೆನಪಿಡುವ ನಾಲ್ಕು ಸಾಲು ಬರೆಯಲು ನನಗೆ ಬೇಸರ ಬಂದಿತ್ತು. ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದು ವೈನಿಯ ಕೈಗೆ ಕೊಟ್ಟೆ. ವೈನಿ ಓದಿದರು, ಚೀಟಿ ಮಡಚಿ ಕಣ್ಣಿಗೆ ಒತ್ತಿಕೊಂಡರು. ನಾದಿನಿಯ ವಿದ್ಯೆಗೆ ಕೊಟ್ಟ ಮರ್ಯಾದೆ ಎಂದುಕೊಂಡು ನಾನು ಉಬ್ಬಿದೆ.

ಹನ್ನೆರಡು ದಿನವಾದರೂ ಕಮಲಾಪುರದಿಂದ ಸ್ಟೇಶನ್ ಬಜಾರಕ್ಕೆ ಒಂದು ಕಾರ್ಡೂ ಬರಲಿಲ್ಲ. ಅಣ್ಣ ದಿನಕ್ಕೆ ನಾಲ್ಕು ಸಲ ಸ್ಕ್ರೀನಿನ ಮುಂದೆ ಕೂತು ಎದ್ದು ಹೋಗುತ್ತಿದ್ದ. ಒಳಗೊಳಗೆ ಅವನಿಗೂ ಬೇಕಾಗಿತ್ತು ಎಂದು ನನಗೆ ಗೊತ್ತು, ಆದರೆ ಮುಖದಲ್ಲಿ ಮಾತ್ರ ‘ನಾ ಹೇಳಿರಲಿಲ್ಲೇನು’ ಎಂಬ ಗತ್ತು. ಆರ್ಡರೇ ಬಂದಿಲ್ಲವೇನೋ ಎಂದು ವೈನಿಯನ್ನು ಕೇಳಲು ನನಗೂ ಸಂಕೋಚ. ಹದಿನೈದನೆಯ ದಿನ ಬೆಳಿಗ್ಗೆ ವ್ಯಾನಿನಲ್ಲಿ ಏಣಿ, ಹಗ್ಗ ಹಾಕಿಕೊಂಡು ಹೊರಟ. ನನ್ನ ಪ್ರೋಗ್ರಾಮಿನ ಮಾನ ಉಳಿಸಲು ನಾನೂ ಹತ್ತಿ ಕೂತೆ. ಕಮಲಾಪುರ ಮುಟ್ಟುವ ತನಕ ಅಣ್ಣ ಹಾರ್ನ್ ಬಿಟ್ಟರೆ ಬೇರೆ ಮಾತಾಡಲಿಲ್ಲ.

ಮಳಿಗೆಯಲ್ಲಿ ವೈನಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಒಬ್ಬ ಹಿರಿಯರು, ಮಗಳ ಮದುವೆ ಇಟ್ಟುಕೊಂಡವರು, ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ತಂದು ಮೇಜಿನ ಮೇಲಿಟ್ಟು ಗೋಗರೆಯುತ್ತಿದ್ದರು. “ಬಾಯಾರೆ, ಕೊಟ್ಟು ಹತ್ತ್ ದಿನಾ ಆಯ್ತ್ರಿ. ಕಾರ್ಡ್ ಯಾವಾಗ್ ಕೊಡ್ತೀರಿ? ಬೀಗ್ರು ಫೋನ್ ಮ್ಯಾಲ್ ಫೋನ್ ಹಚ್ಚಲಾಕತ್ಯಾರ್ರಿ.”

ವೈನಿ ಅಣ್ಣನನ್ನು ನೋಡಿದರು, ಆದರೆ ಮಾತಾಡಿದ್ದು ನನ್ನ ಜೊತೆ. “ಕೇಳ್ರಿ ಅವ್ರಿಗಿ. ಕಾರ್ಡ್ ಯಾಕ ಛಾಪಿಸಿಲ್ಲಂತ?”

ಅಣ್ಣನೂ ನನಗೇ ಹೇಳಿದ. “ಕಳಸಿದ್ರ ಛಾಪಸ್ತಿದ್ದೆ ಅಂತ ಹೇಳು ಅಕಿಗಿ.”

“ಹನ್ನೊಂದ್ ಕಳಸೀನಿ! ಹನ್ನೊಂದಕ್ಕೂ ‘ಮುಟ್ಟಿದೆ’ ಅಂತ ಹಸಿರು ಬಂದದ!”

“ಒಂದೂ ಬಂದಿಲ್ಲ!”

ಮೂರು ಗಜದ ಮಳಿಗೆಯಲ್ಲಿ ಎದುರುಬದುರು ನಿಂತ ಗಂಡ ಹೆಂಡತಿಯ ನಡುವೆ ನಾನು ಈ ಕಡೆಯಿಂದ ಆ ಕಡೆಗೆ ಮಾತು ದಾಟಿಸುತ್ತಿದ್ದೆ. ಆ ಹಿರಿಯರು ಯಾರ ಮುಖ ನೋಡಬೇಕೆಂದು ತಿಳಿಯದೆ ಬಾಳೆಹಣ್ಣನ್ನೇ ನೋಡುತ್ತ ಕೂತರು. ಕೊನೆಗೆ ತಲೆ ಕೆಟ್ಟು, “ಇಬ್ಬರೂ ಜರಾ ಸುಮ್ಮಕಿರ್ರಿ!” ಎಂದು ಒದರಿ ನಾನು ಸ್ಕ್ರೀನಿನ ಮುಂದೆ ಕೂತೆ.

ಒಂದು ಕಾರ್ಡು ಕಳಿಸಿ ತೋರಿಸಿ ಎಂದೆ. ವೈನಿ ‘ಯಾವ ಕಂಪ್ಯೂಟರಿಗೆ’ ಎಂಬ ಜಾಗವನ್ನು ಹಾಗೇ ಖಾಲಿ ಬಿಟ್ಟು ಕಳಿಸುವ ಗುಂಡಿ ಒತ್ತಿದರು. ‘ಮುಟ್ಟಿದೆ’ ಎಂದು ಹಸಿರು ಅಕ್ಷರ ಬಂತು.

“ವೈನಿ, ಇಲ್ಲಿ ಹೆಸರ್ ಯಾಕ ಬರೀಲಿಲ್ಲ?”

ವೈನಿ ಗಾಬರಿಯಿಂದ ನನ್ನನ್ನು ನೋಡಿದರು. “ಮಾವನೋರ ಹೆಸರ್ ನಾ ಬರೀಲೇನ್ರಿ? ನೀವ್ ಕಲ್ತವ್ರು ಹಿಂಗ್ ಕೇಳ್ತೀರಲ್ಲ!”

“ಬಾಯಿಂದ ಹೇಳ್ಬ್ಯಾಡ್ರಿ, ಟೈಪ್ ಮಾಡೋದ್ ಅಷ್ಟೇ.”

“ಅತ್ತಿಯೋರಿಗಿ ಫೋನ್ ಹಚ್ಚಿ ಕೇಳೀನಿ. ಬಾಯಿಲೆ ಅಂದ್ರೂ ಅಷ್ಟ, ಕೈಲೆ ಬರದ್ರೂ ಅಷ್ಟ ಅಂದಾರ.”

ಚೀಟಿ ಎಲ್ಲಿ ಎಂದು ಕೇಳಿದೆ. ಗೋಡೆಯ ಮೇಲಿನ ದೇವರ ಫೋಟೊದ ಹಿಂದೆ, ಕುಂಕುಮ ಹಚ್ಚಿಸಿಕೊಂಡು ಭದ್ರವಾಗಿತ್ತು.

ಆಗ ನನಗೆ ಹೊಳೆಯಿತು, ಹೊಳೆದ ಕೂಡಲೇ ನಾಚಿಕೆಯೂ ಆಯಿತು. ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಯಾರ ಹೆಸರನ್ನೂ ಕೊಡದೆ ಬರೀ ಕೆಲಸದ ಹೆಸರು ಕೊಟ್ಟರೆ ಅದು ತಕರಾರು ಮಾಡುವುದಿಲ್ಲ. ಯಾರ ಹೆಸರೂ ಇಲ್ಲ ಅಂದ ಮೇಲೆ ‘ನೀನು ನಿನ್ನನ್ನೇ ಹುಡುಕುತ್ತಿರಬೇಕು’ ಎಂದುಕೊಂಡು, ಕೇಳಿದ ಕಂಪ್ಯೂಟರಿನದೇ ವಿಳಾಸ ಕೊಟ್ಟುಬಿಡುತ್ತದೆ. ಇದು ಪರೀಕ್ಷೆಯಲ್ಲಿ ನಾನೇ ಪ್ರತಿ ವರ್ಷ ಕೇಳುವ ಪ್ರಶ್ನೆ. ಖಾಲಿ ಬಿಟ್ಟರೆ ತಡೆಯಬೇಕು ಎಂದು ಪ್ರೋಗ್ರಾಮಿನಲ್ಲಿ ಬರೆಯಬೇಕಾಗಿತ್ತು. ಬರೆದಿರಲಿಲ್ಲ, ಏಕೆಂದರೆ ಹೆಸರಿನ ಜಾಗವನ್ನು ಯಾರಾದರೂ ಖಾಲಿ ಬಿಟ್ಟಾರು ಎಂದು ನನಗೆ ಅನ್ನಿಸಿರಲಿಲ್ಲ. ಅಂಥ ಮನೆಯಲ್ಲೇ ಹುಟ್ಟಿ, ಅದೇ ಕೆಲಸಕ್ಕೆ ಚಿಕ್ಕಿ ತಿಂದು ಬೆಳೆದವಳಿಗೆ!

‘ಬಂದದ್ದು’ ಎಂಬ ಪಟ್ಟಿಯನ್ನು ವೈನಿಯ ಕಂಪ್ಯೂಟರಿನಲ್ಲೇ ತೆಗೆದೆ. ಈಗ ಕಳಿಸಿದ್ದೂ ಸೇರಿ ಹನ್ನೆರಡು ಕಾರ್ಡುಗಳು ಸಾಲಾಗಿ ಕೂತಿದ್ದವು. ಹದಿನೈದು ದಿನದ ಆರ್ಡರುಗಳೆಲ್ಲ ಕಮಲಾಪುರದಿಂದ ಹೊರಟು, ಮೇಜು ಸಹ ದಾಟದೆ, ಕಮಲಾಪುರಕ್ಕೇ ಸುಖವಾಗಿ ಬಂದು ಮುಟ್ಟಿದ್ದವು.

ಅಣ್ಣ ಬಗ್ಗಿ ಪಟ್ಟಿಯನ್ನು ಒಂದೊಂದಾಗಿ ಓದಿದ. ಒಂದರಲ್ಲೂ ತಪ್ಪಿಲ್ಲ. ಯಾರ ದೊಡ್ಡಪ್ಪ ಮೇಲೆ, ಯಾರ ಸೋದರಮಾವ ಕೆಳಗೆ ಎಂಬ ಪಂಚಾಯಿತಿಯನ್ನೂ ವೈನಿ ಗಿರಾಕಿಗಳನ್ನು ಕೂರಿಸಿಕೊಂಡೇ ಬಗೆಹರಿಸಿದ್ದರು. ಆ ಹದಿನೈದು ದಿನದಲ್ಲಿ ಸ್ಟೇಶನ್ ಬಜಾರಕ್ಕೆ ನೇರವಾಗಿ ಬಂದ ಆರ್ಡರು ಬರೀ ಏಳು ಎಂದು ನನಗೆ ಗೊತ್ತಿತ್ತು. ಅಣ್ಣ ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಾನೇ ಹೇಳಿದೆ.

ವೈನಿ ಸೆರಗಿನಿಂದ ಮೇಜು ಒರೆಸಿದರು. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ.

“ಏಣಿ ತಂದೀನಿ,” ಎಂದ ಅಣ್ಣ ಕೆಮ್ಮುತ್ತ. “ಬೋರ್ಡ್ ಜರಾ ವಾರಿ ಆಗ್ಯದ. ಸೀದಾ ಮಾಡಿ ಹೋಗ್ತೀನಿ.”

ಅವನು ಬೋರ್ಡು ನೆಟ್ಟಗೆ ಮಾಡುವಷ್ಟರಲ್ಲಿ ನಾನು ಅಪ್ಪನ ಹೆಸರು ಹನ್ನೆರಡು ಸಲ ಟೈಪ್ ಮಾಡಿ ಎಲ್ಲವನ್ನೂ ಸ್ಟೇಶನ್ ಬಜಾರಕ್ಕೆ ಕಳಿಸಿದೆ. ಅಣ್ಣ ಹೋಗಿ ಅಚ್ಚುಹಾಕಿದ ಆ ಹಿರಿಯರ ಕಾರ್ಡುಗಳು ಸಂಜೆಯ ಬಸ್ಸಿನಲ್ಲಿ ಕಂಡಕ್ಟರ ಸೀಟಿನ ಕೆಳಗೆ ಕೂತು ಕಮಲಾಪುರಕ್ಕೆ ಬಂದವು. ಹೊರಡುವ ಮುಂಚೆ ಬಾಳೆಹಣ್ಣನ್ನು ನಾವು ಮೂವರೂ ವ್ಯಾನಿಗೆ ಒರಗಿ ನಿಂತು ತಿಂದೆವು.

ಒಂದೇ ವಿಳಾಸಕ್ಕೆ ಎರಡು ಹೆಸರು ಇಡಬಹುದು, ಯಾವುದನ್ನು ಕೇಳಿದರೂ ಅದೇ ಮನೆ ಸಿಗುತ್ತದೆ. ಅಪ್ಪನ ಹೆಸರಿನ ಕಂಪ್ಯೂಟರಿಗೆ ಇನ್ನೊಂದು ಹೆಸರನ್ನು ವೈನಿಯೇ ಆರಿಸಲಿ ಎಂದೆ. ‘ಮಾವನೋರು’ ಎಂದರು. ಮರುದಿನದಿಂದ ಅದನ್ನೇ ಟೈಪ್ ಮಾಡುತ್ತಾರೆ, ಮಾಡುವಾಗ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುತ್ತಾರೆ. ಆರ್ಡರು ತಪ್ಪದೆ ಬರುತ್ತಿವೆ.

ಇಲ್ಲಿಗೆ ನನ್ನ ತಲೆನೋವು ಮುಗಿಯಿತು ಎಂದುಕೊಂಡಿದ್ದೆ. ಅಚ್ಚಿಗೆ ಮುಂಚೆ ಕರಡನ್ನು ವೈನಿ ಒಮ್ಮೆ ನೋಡಬೇಕು, ಅವರ ಕಣ್ಣಿಗೆ ಬಿದ್ದರೆ ತಪ್ಪು ಉಳಿಯುವುದಿಲ್ಲ ಎಂದು ಅಣ್ಣನೇ ಬಾಯಿಬಿಟ್ಟು ಹೇಳಿದ. ಹಾಗಾದರೆ ಇಲ್ಲಿಂದ ಅಲ್ಲಿಗೂ ಕಳಿಸಬೇಕು. ಕಮಲಾಪುರದ ಕಂಪ್ಯೂಟರಿಗೂ ಒಂದು ಹೆಸರು ಬೇಕಾಯಿತು. ಅದು ವೈನಿಯ ಮೇಜು, ಆದ್ದರಿಂದ ಯಾರನ್ನೂ ಕೇಳದೆ ವೈನಿಯ ಹೆಸರನ್ನೇ ಇಟ್ಟೆ. ಖಾಲಿ ಬಿಟ್ಟರೆ ತಡೆಯುವ ಸಾಲನ್ನು ಮಾತ್ರ ಇನ್ನೂ ಬರೆದಿರಲಿಲ್ಲ. ಬೈಯಿರಿ, ಪರವಾಗಿಲ್ಲ.

ಮೂರನೆಯ ದಿನ ಕಾಲೇಜಿಗೆ ವೈನಿಯ ಫೋನು. “ಮೇಡಮ್ಮೋರೆ, ಒಂದೂ ಕರಡು ಬಂದಿಲ್ರಿ. ಅವ್ರು ಕಳಸೀನಿ ಅಂತಾರ.”

ಕ್ಲಾಸು ಮುಗಿಸಿ ಆಟೋ ಹಿಡಿದು ಸ್ಟೇಶನ್ ಬಜಾರಕ್ಕೆ ಹೋದೆ. ಕಂಪ್ಯೂಟರಿನಲ್ಲಿ ‘ಮುಟ್ಟಿದೆ’, ‘ಮುಟ್ಟಿದೆ’, ‘ಮುಟ್ಟಿದೆ’. ‘ಬಂದದ್ದು’ ತೆಗೆದರೆ ಅಣ್ಣ ಕಳಿಸಿದ ಕರಡುಗಳೆಲ್ಲ ಅಣ್ಣನಿಗೇ ಬಂದಿವೆ.

“ಅಣ್ಣಾ, ಹೆಸರು?”

ಅಣ್ಣ ಫ್ಯಾನು ನೋಡಿದ, ರಸ್ತೆ ನೋಡಿದ, ಕತ್ತರಿಯ ಅಲಗು ನೋಡಿದ. ಆಗ ಲೆಕ್ಕ ಹಾಕಿದೆ. ಹದಿನೆಂಟು ವರ್ಷದಲ್ಲಿ ಅಣ್ಣ ವೈನಿಯನ್ನು ‘ಏ’ ಎಂದಿದ್ದಾನೆ, ‘ಕೇಳಿಲ್ಲಿ’ ಎಂದಿದ್ದಾನೆ, ಬಹಳ ಪ್ರೀತಿ ಬಂದರೆ ‘ಎಲ್ಲಿ ಹೋದ್ಯೇ’ ಎಂದಿದ್ದಾನೆ. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ.

“ನಾಚ್ಗಿ ಬರ್ತದ,” ಎಂದ, ಪ್ರೆಸ್ಸಿನ ಸದ್ದಿನಲ್ಲಿ ನನಗಷ್ಟೇ ಕೇಳುವಂತೆ. “ಅದಕ್ಕೂ ಇನ್ನೊಂದ್ ಹೆಸರ್ ಇಟ್ಟುಬಿಡು. ಮಾವನೋರು ಅಂತ ಇಟ್ಟಿಲ್ಲೇನು?”

ವೈನಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟು ಕೇಳಿದೆ. ಆ ಕಡೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳಿಸುತ್ತಿತ್ತು. ಅದರ ನಡುವೆ ವೈನಿ ಹೇಳಿದರು: “ನನಗ ಇನ್ನೊಂದ್ ಹೆಸರ್ ಬ್ಯಾಡ್ರಿ. ಇದ್ದದ್ದೇ ಬರೀಲಿ.”

ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ನಾನು ಬೇಕೆಂತಲೇ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಹಸಿರು ಅಕ್ಷರ ಬಂದ ಮೇಲೆ ಫೋನಿನಲ್ಲಿ ವೈನಿ, “ಬಂತ್ರಿ,” ಎಂದರು. ಅದರ ಬೆನ್ನಿಗೇ, “ಮತ್ತೊಮ್ಮೆ ಕಳಸಾಕ್ ಹೇಳ್ರಿ. ಇದು ಸ್ಪಷ್ಟ ಕಾಣ್ವಲ್ದು,” ಎಂದರು. ಅಕ್ಷರದಲ್ಲಿ ಬಂದ ಕರಡು ಸ್ಪಷ್ಟ ಕಾಣದೇ ಇರಲು ಸಾಧ್ಯವೇ ಇಲ್ಲ ಎಂದು ವಿವರಿಸಬೇಕೆಂದು ಬಾಯಿ ತೆರೆದೆ, ಆಮೇಲೆ ಮುಚ್ಚಿಕೊಂಡೆ.

ಹೋದ ವಾರ ಕೊನೆಗೂ ಆ ನಾಲ್ಕು ಸಾಲು ಬರೆದೆ. ಇನ್ನು ಮೇಲೆ ಪ್ರೋಗ್ರಾಂ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ, ಅಣ್ಣ ದಿನಾ ಟೈಪ್ ಮಾಡಬೇಕಾಗಿಲ್ಲ ಎಂದು ವೈನಿಗೆ ಫೋನಿನಲ್ಲಿ ಹೇಳಿದೆ.

“ಅದೊಂದ್ ಮಾಡ್ಬ್ಯಾಡ್ರಿ ಮೇಡಮ್ಮೋರೆ,” ಎಂದರು ವೈನಿ. “ದಿನಾ ಬರೀಲಿ.”

ಆ ನಾಲ್ಕು ಸಾಲನ್ನು ಅಳಿಸಿಹಾಕಿದೆ.