ಯಾರ ಮನೆಯೂ ಅಲ್ಲದ ಕೋಣೆ

ಬನಹಟ್ಟಿಯ ರಾಜಕುಮಾರ ವಾರಕ್ಕೆ ಆರು ದಿನ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಸೋಮವಾರ ದೆವ್ವಗಳ ನ್ಯಾಯ ಬಗೆಹರಿಸುತ್ತಿದ್ದ. ಸೋಮವಾರ ಅವನ ಮಗ್ಗಕ್ಕೆ ರಜೆ. ಅಂದು ನಾವು ನಾಲ್ವರು ಅವನ ಶೆಡ್ಡಿನಲ್ಲಿ ಚಾಪೆ ಹಾಸಿ ಕೂತು, ದಾಳ ಉರುಳಿಸುತ್ತ ಕಥೆಯಾಟ ಆಡುತ್ತಿದ್ದೆವು. ಇವತ್ತಿನ ಜಮಖಂಡಿ ಸೀಮೆಯಲ್ಲೇ ಮನುಷ್ಯರ ನಡುವೆ ದೆವ್ವಗಳೂ ದೈವಗಳೂ ಸಂಸಾರ ಮಾಡಿಕೊಂಡಿವೆ ಎಂಬುದು ಆಟ. ಕಥೆ ಕಟ್ಟುವವನು ರಾಜಕುಮಾರ, ಪಾತ್ರಗಳು ನಮ್ಮವು. ನಾನು ಸೈಕಲ್ ಅಂಗಡಿಯ ಗುರುಸಿದ್ದ, ವಯಸ್ಸು ನಲವತ್ತೈದು, ಆಟದಲ್ಲಿ ಮುಧೋಳದ ಬೇಟೆನಾಯಿಯ ದೆವ್ವ. ನಗುವವರು ನಗಲಿ. ಬೀಳಗಿಯಿಂದ ಬರುವ ನರ್ಸ್ ಕಾವ್ಯ, ಹಿನ್ನೀರಿನಲ್ಲಿ ಮುಳುಗಿದ ಊರಿನ ಗ್ರಾಮದೇವತೆ. ಅವಳಿಗೂ, ನಮ್ಮ ನಾಲ್ಕನೆಯವನ ಪಾತ್ರವಾದ ಹಿಪ್ಪರಗಿ ಬ್ಯಾರೇಜಿನ ಭೂತಕ್ಕೂ ಹಾವು-ಮುಂಗುಸಿಯ ವೈರ.

"ಇವರಿಬ್ಬರು ಕುಂತ ಮಾತಾಡಾಕ ಒಂದ ಜಾಗಾ ಬೇಕಲೇ" ಎಂದು ರಾಜಕುಮಾರ ಬಹಳ ದಿನ ತಲೆ ಕೆಡಿಸಿಕೊಂಡ. ಗುಡಿ ಎಂದ; ಭೂತ ಒಳಗೆ ಬರುವುದು ಹೇಗೆ? ಚಹಾದಂಗಡಿ ಎಂದ, "ಅಲ್ಲಿ ಆಡಿದ ಮಾತು ಸಂಜಿಗೆ ಮುಧೋಳಕ್ಕ ಮುಟ್ಟಿರತೈತಿ" ಎಂದೆ ನಾನು. ಕೊನೆಗೆ ರಬಕವಿಯಲ್ಲಿ ಒಂದು ಹಳೆಯ ಮಗ್ಗದ ಕೋಣೆಯನ್ನು ಬರೆದ. ಒಬ್ಬರು ಮೊದಲು, ಒಬ್ಬರು ಆಮೇಲೆ ಎಂಬ ಜಗಳ ಬೇಡವೆಂದು ಅದಕ್ಕೆ ಎರಡು ಬಾಗಿಲು. ನಡುವೆ ಒಬ್ಬ ಮುದುಕಿ ಹೊಸ ಹಾಸಿನ ಉದ್ದ ನೂಲೆಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೆಚ್ಚುತ್ತ ಕೂತಿರುತ್ತಾಳೆ. ಕೆಚ್ಚುವವರ ಮುಂದೆ ನಮ್ಮ ಕಡೆ ಯಾರೂ ದನಿ ಎತ್ತುವುದಿಲ್ಲ. ಒಂದು ಎಳೆ ತಪ್ಪಿದರೆ ಅರಿವೆಯೇ ಕೆಡುತ್ತದೆ. ದೆವ್ವಗಳಿಗೂ ಅದೇ ಕಾಯಿದೆ.

ಆ ಮುದುಕಿ ಯಾರೆಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಅವಳು ಅವನ ಅವ್ವ ಅನಸವ್ವ.

ನಾಲ್ಕು ವರ್ಷದ ಹಿಂದೆ ಮಗ್ಗ ಹಂಚಿಕೊಳ್ಳುವಾಗ ರಾಜಕುಮಾರನೂ ಅವನ ಅಣ್ಣ ಹಣಮಂತನೂ ಜಗಳವಾಡಿ, ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿಯುವುದಿಲ್ಲ ಎಂದು ಅವ್ವನ ತಲೆ ಮುಟ್ಟಿ ಆಣೆ ಮಾಡಿದ್ದರು. ಸಿಟ್ಟು ವರ್ಷದಲ್ಲೇ ಇಳಿಯಿತು. ಆಣೆ ಮಾತ್ರ ಉಳಿಯಿತು. ಮುರಿದರೆ ಅವ್ವನಿಗೆ ಕೇಡು ಎಂದು ಇಬ್ಬರಿಗೂ ಅಂಜಿಕೆ. ಅನಸವ್ವ ಒಂದು ತಿಂಗಳು ಇವನಲ್ಲಿ, ಒಂದು ತಿಂಗಳು ಅವನಲ್ಲಿ. ಪ್ರತಿ ಒಂದನೇ ತಾರೀಕು ಬಟ್ಟೆಯ ಚೀಲ ಹಿಡಿದು ಒಬ್ಬಳೇ ಓಣಿ ದಾಟುತ್ತಿದ್ದಳು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಒಂದು ಊಟ ಬಡಿಸಬೇಕು, ಅಷ್ಟೇ ಅವಳ ಆಸೆ.

ಒಂದು ಸೋಮವಾರ ನಮ್ಮ ಆಟ ನೋಡುತ್ತ ಕೂತವಳು ಕೇಳಿಯೇಬಿಟ್ಟಳು: "ದೆವ್ವಕ್ಕ ಜಾಗಾ ಮಾಡಿದಿ. ನನ್ನ ಎರಡ ಮಕ್ಕಳು ಕುಂದ್ರಾಕ ಎಲ್ಲೂ ಜಾಗಾ ಇಲ್ಲೇನಪಾ?"

ರಾಜಕುಮಾರ ಅಂದು ಮತ್ತೆ ದಾಳ ಮುಟ್ಟಲಿಲ್ಲ.

ರಬಕವಿಯಲ್ಲಿ ನನ್ನ ಸೋದರಮಾವನ ಎರಡು ಬಾಗಿಲಿನ ಮಗ್ಗದ ಕೋಣೆ ಖಾಲಿ ಬಿದ್ದಿತ್ತು; ಅಣ್ಣ ತಮ್ಮ ಇಬ್ಬರ ಹೊಸ್ತಿಲೂ ಅಲ್ಲ. ಅದನ್ನು ಕೇಳಿ ಪಡೆದು ಗುಡಿಸಿ ಸುಣ್ಣ ಬಳಿಯುವ ಹೊತ್ತಿಗೆ ಅವ್ವ ಅಣ್ಣನ ಮನೆಗೆ ಹೋಗಿದ್ದಳು. ನಾನೇ ಹಣಮಂತನಿಗೆ ಊಟದ ಸುದ್ದಿ ಮುಟ್ಟಿಸಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ಎಂದ ಬರಲಿ?" ಎಂದಷ್ಟೇ ಕೇಳಿದ.

ನಾಳೆಯೇ ಆಗಲಿ ಎಂದೆ. ರಾಜಕುಮಾರ ಒಪ್ಪಲಿಲ್ಲ. "ಈಗ ಅಣ್ಣನ ಮನಿಂದ ಬಂದ್ರ ಅವ್ವ ಅವನ ಕಡಿಯಾಕಿ ಆಗತಾಳ. ಒಂದನೇ ತಾರೀಕಿಗೆ ಓಣಿ ದಾಟೂ ಹೊತ್ತಿನ್ಯಾಗ ಆಕಿ ಯಾರ ಮನಿಯಾಕಿನೂ ಅಲ್ಲ. ಅವತ್ತ ಹಂಗ ಕರಕೊಂಡ ಹೋಗೂಣು."

"ಇದು ಆಟ ಅಲ್ಲಲೇ, ಅವ್ವನ ಊಟ!" ಎಂದು ಬೈದೆ. ಅವನು ಕೇಳಬೇಕಲ್ಲ! ಹನ್ನೆರಡು ದಿನ ಉಳಿದಿತ್ತು. ದಿನವೂ ಆ ಕೋಣೆಗೆ ಹೋಗಿ ಎರಡು ತಾಟುಗಳನ್ನು ಎಲ್ಲಿಟ್ಟರೆ ಎರಡೂ ಬಾಗಿಲಿಗೆ ಸರಿದೂರ ಎಂದು ಅಳೆದ. ಅವನನ್ನು ಎಳೆದುಕೊಂಡು ಹೋಗದ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಇಪ್ಪತ್ತೆಂಟರ ಬೆಳಗ್ಗೆ ಅನಸವ್ವ ಹಣಮಂತನ ಮನೆಯಲ್ಲಿ ತೀರಿಕೊಂಡಳು.

ರಾಜಕುಮಾರ ಬರಿಗಾಲಲ್ಲಿ ಓಡಿದ. ಹಿಂದೆಯೇ ನಾನೂ ಓಡಿದೆ. ಅಣ್ಣನ ಬಾಗಿಲ ಮುಂದೆ ಅವನ ಕಾಲುಗಳು ತಾವಾಗಿ ನಿಂತವು. ಅಲ್ಲಿಂದ ಅವ್ವನ ಪಾದಗಳಷ್ಟೇ ಕಾಣುತ್ತಿದ್ದವು. ಒಳಗೆ ಹೆಂಗಸರು ಅಳುತ್ತಿದ್ದರು. ಇವನು ಹೊಸ್ತಿಲು ನೋಡುತ್ತ ನಿಂತೇ ಇದ್ದ.

ಹಣಮಂತ ಎದ್ದು ಬಂದು ತಮ್ಮನ ಕೈ ಹಿಡಿದ.

"ಒಳಗ ಬಾರೋ ತಮ್ಮಾ. ಇನ್ನ ಯಾರಿಗೆ ಕೇಡಾಗೂದೈತಿ?"