ಖಾಲಿ ಡಬ್ಬಿಯ ತಸ್ಬೀರ

ಮೊನ್ನೆ ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವ ಗದ್ದಲದಲ್ಲಿ ನನ್ನ ಹೆಂಡತಿ ಮಾಳಿಗೆಯ ಟ್ರಂಕು ಇಳಿಸಿ, ಒಳಗಿದ್ದುದನ್ನೆಲ್ಲ ಅಂಗಳದ ಬಿಸಿಲಿಗೆ ಹರಡಿದ್ದಳು. ನಾನು ಕಟ್ಟೆಯ ಮೇಲೆ ಕೂತು ಕೆಲಸ ಮಾಡುವವರಿಗೆ ಸಲಹೆ ಕೊಡುತ್ತಿದ್ದೆ. ಈ ವಯಸ್ಸಿನಲ್ಲಿ ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಡಾಂಬರು ಗುಳಿಗೆಯ ವಾಸನೆ, ಹಳೆಯ ಶಾಲು, ತುಕ್ಕು ಹಿಡಿದ ಬೀಗ. ಅವಳು ಒಂದು ಕರಿ ಡಬ್ಬಿ ಒರೆಸುತ್ತಿದ್ದಳು. ಹೆಬ್ಬೆರಳು ಎಲ್ಲಿಗೆ ತಾಗಿತೋ, 'ಟಕ್' ಅಂತು.

"ಅದನ್ನ ಮುಟ್ಟಬ್ಯಾಡ" ಎಂದು ಒದರಿಬಿಟ್ಟೆ. ಅವಳು ಒಮ್ಮೆ ನನ್ನನ್ನು, ಒಮ್ಮೆ ಡಬ್ಬಿಯನ್ನು ನೋಡಿ, ಅದನ್ನು ಕಟ್ಟೆಯ ಅಂಚಿಗಿಟ್ಟು ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದೂ ಇರಲಿಲ್ಲ.

ಆ ಡಬ್ಬಿ ಒಂದು ಕ್ಯಾಮೆರಾ. ಈಗಿನವರಿಗೆ ನಗು ಬಂದೀತು, ನೋಡಲು ಚಹಾಪುಡಿಯ ಡಬ್ಬಿಯಂತೆಯೇ ಇದೆ. ಮುಂದೆ ಒಂದು ಗಾಜಿನ ಕಣ್ಣು, ಪಕ್ಕದಲ್ಲಿ ಒತ್ತಲು ಒಂದು ಕಡ್ಡಿ, ಫಿಲ್ಮು ಸುತ್ತಲು ಒಂದು ಕಿವಿ. ನೆತ್ತಿಯ ಮೇಲೆ ಬೆರಳಗಲದ ಗಾಜು. ಡಬ್ಬಿಯನ್ನು ಹೊಟ್ಟೆಗೆ ಆನಿಸಿಕೊಂಡು, ಬಗ್ಗಿ ಆ ಗಾಜಿನಲ್ಲಿ ನೋಡಿದರೆ ಎದುರಿಗಿರುವವರು ಹೆಸರುಕಾಳಿನಷ್ಟಾಗಿ ಕಾಣುತ್ತಾರೆ. ಒಂದು ಸುರುಳಿಗೆ ಎಂಟೇ ಚಿತ್ರ. ಅದನ್ನು ಹೈದರಾಬಾದಿಗೆ ಕಳಿಸಿ ತೊಳೆಸಿಕೊಂಡು ಬರಲು ಒಂದು ತಿಂಗಳು. ಆಗ ನಮ್ಮ ಬೀದರಿಗೆ ರೈಲು ಬಂದು ಇನ್ನೂ ಹೊಸದು, ಆ ದಾರಿ ಹಾಕಲು ಬಂದಿದ್ದ ಓವರ್ಸಿಯರನೊಬ್ಬ ಬದಲಿಯಾಗಿ ಹೋಗುವಾಗ ನನಗೆ ಅದನ್ನು ಕೊಟ್ಟು ಹೋಗಿದ್ದ.

ನಾನಾಗ ಔರಾದಿನ ತಹಸೀಲಿನಲ್ಲಿ ಅಹಲ್ಕಾರ. ಹೆದರಬೇಡಿ, ಗುಮಾಸ್ತ ಅಂತ ಅರ್ಥ. ನಿಜಾಮರ ಕಾಲದಲ್ಲಿ ಸಣ್ಣ ಕೆಲಸಕ್ಕೂ ದೊಡ್ಡ ಹೆಸರಿರುತ್ತಿತ್ತು, ಆ ಹೆಸರು ನನ್ನ ತಲೆಗೂ ಏರಿತ್ತು. ರಜೆಗೆ ಬೀದರಿಗೆ ಬಂದಾಗ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಕೆಲಸವಿಲ್ಲದಿದ್ದರೂ ಊರ ನಡುವಿನ ಚೌಬಾರ ಗೋಪುರದ ಸುತ್ತ ಎರಡು ಸಲ ತಿರುಗುತ್ತಿದ್ದೆ. ಮೊದಲ ಸುರುಳಿಯ ಎಂಟರಲ್ಲಿ ಐದು ನನ್ನವೇ. ಕೋಟೆಯ ಬಾಗಿಲಲ್ಲಿ ನಾನು, ಗೆಳೆಯನ ಸೈಕಲ್ ಹಿಡಿದು ನಾನು, ಎಂದೂ ಓದದ ಪುಸ್ತಕ ಓದುತ್ತ ನಾನು. ಹೀಗೆ.

ಆ ರಜೆ ಮುಗಿಸಿ ಔರಾದಿಗೆ ಹೊರಟವನು ಭಾಲ್ಕಿಯ ಮೇಲೆ ಹೋದೆ. ಅಲ್ಲಿ ನನ್ನ ಸೋದರತ್ತೆ ನೀಲಮ್ಮ ಇದ್ದಳು, ಅಪ್ಪನ ತಂಗಿ. ಅಪ್ಪ ಅವಳಿಗೆ ಕೊಡಲು ಒಂದು ಸೀರೆ ಕೊಟ್ಟಿದ್ದರು. ಮಾವ ಗುರಪ್ಪ ಬೆಲ್ಲದ ವ್ಯಾಪಾರಿ. ಮಾತು ಕಡಿಮೆ, ಮೀಸೆ ದೊಡ್ಡದು. ಅವರಿಗೆ ಮಕ್ಕಳಿರಲಿಲ್ಲ. ಮಾವನ ತಮ್ಮನ ಸಂಸಾರವೂ ಅದೇ ಮನೆಯಲ್ಲಿತ್ತು.

ಅತ್ತೆ ಕೊರಳಿನ ಡಬ್ಬಿ ನೋಡಿದ್ದೇ, ಸೀರೆಯನ್ನು ಬಿಚ್ಚಿಯೂ ನೋಡದೆ ಪಕ್ಕಕ್ಕಿಟ್ಟಳು. ಪಾಟೀಲರ ಮನೆಯ ಗೋಡೆಯ ಮೇಲೆ ಪಾಟೀಲರ ತಸ್ಬೀರ ಇದೆಯಂತೆ, ತನಗೂ 'ಇವರದೊಂದು' ಬೇಕಂತೆ. ಗಂಡನ ಹೆಸರು ಅವಳು ಎಂದೂ ಹೇಳಿದವಳಲ್ಲ. ನೀನೂ ಜೊತೆಗೆ ಕೂಡು ಎಂದರೆ, ನನ್ನ ಮುಖ ನನಗೇನು ನೋಡುವುದಿದೆ ಎಂದು ನಕ್ಕಳು.

ಮಾವ ಒಪ್ಪಲಿಲ್ಲ. ತಸ್ಬೀರ ಹಿಡಿಸಿಕೊಂಡರೆ ಆಯುಷ್ಯ ಕಮ್ಮಿ ಆಗುತ್ತದೆ ಎಂದು ನಮ್ಮ ಕಡೆ ಆಗ ಎಲ್ಲರೂ ನಂಬಿದ್ದರು. "ಇದರಾಗ ನೆಳ್ಳು ಹಿಡೀತಾರಂತ. ನೆಳ್ಳು ಹೋದಮ್ಯಾಲ ಮನುಷ್ಯಾ ಎಷ್ಟ್ ದಿನ ಇರ್ತಾನ?" ಅಂದರು. ಅರ್ಧ ಹಾಸ್ಯ, ಅರ್ಧ ಅಂಜಿಕೆ.

"ಏನೂ ಆಗೂದಿಲ್ರಿ, ಕುಂದ್ರಿ," ಎಂದಳು ಅತ್ತೆ. "ಆಗೂದಿದ್ರ ನನಗಾಗ್ಲಿ."

ಅವರು ಎದ್ದು ಒಳಗೆ ಹೋಗಿ ತೊಳೆದ ಅಂಗಿ ಹಾಕಿಕೊಂಡು ಬಂದರು.

ಈಗ ನಾಚಿಕೆಯ ಮಾತು. ಕ್ಯಾಮೆರಾದಲ್ಲಿ ಫಿಲ್ಮು ಇರಲಿಲ್ಲ. ಎಂಟೂ ಬೀದರಿನಲ್ಲೇ ಮುಗಿದು ಹೈದರಾಬಾದಿಗೆ ಹೋಗಿದ್ದವು. ಆದರೆ ನನ್ನ ಚೀಲದಲ್ಲಿ, ಧೋತರದ ಮಡಿಕೆಯೊಳಗೆ, ಒಡೆಯದ ಹೊಸ ಸುರುಳಿ ಒಂದಿತ್ತು. ಮುಂದಿನ ವಾರ ಜಿಲ್ಲೆಯ ತಾಲೂಕದಾರ ಸಾಹೇಬರು, ಅಂದರೆ ಈಗಿನ ಕಲೆಕ್ಟರು, ಔರಾದಿಗೆ ತಪಾಸಣೆಯ ದೌರೆ ಬರುವವರಿದ್ದರು. ಅವರ ತಸ್ಬೀರ ಹಿಡಿದು ಮೇಲಿನವರ ಕಣ್ಣಿಗೆ ಬೀಳಬೇಕೆಂದು ಅದನ್ನು ಎತ್ತಿಟ್ಟಿದ್ದೆ. ಎಂಟರಲ್ಲಿ ಒಂದು ಮಾವನಿಗೆ ಹೋಗಿದ್ದರೆ ಸಾಹೇಬರಿಗೆ ಏಳು ಉಳಿಯುತ್ತಿದ್ದವು. ಅಷ್ಟು ಲೆಕ್ಕ ಬಾರದವನೇನಲ್ಲ ನಾನು. ಬೆಲ್ಲದ ವ್ಯಾಪಾರಿಗೆ ಯಾಕೆ ಒಂದು ಹಾಳು ಮಾಡಲಿ ಅನಿಸಿತು, ಅಷ್ಟೇ. ಫಿಲ್ಮು ಇಲ್ಲ ಅಂದರೆ ಮರ್ಯಾದೆ ಹೋಗುತ್ತದೆ, ಇದೆ ಅಂದರೆ ಖರ್ಚಾಗುತ್ತದೆ. ಖಾಲಿ ಡಬ್ಬಿ ಟಕ್ಕೆನಿಸಿದರೆ ಎರಡೂ ಉಳಿಯುತ್ತವೆ. ಒಂದು ತಿಂಗಳ ಮೇಲೆ 'ತೊಳೆಯುವಾಗ ಕೆಟ್ಟುಹೋಯಿತು' ಅಂದು, ಮುಂದಿನ ಸಲ ನಿಜವಾದದ್ದು ಹಿಡಿದರಾಯಿತು ಅಂದುಕೊಂಡೆ.

ಮಾವನನ್ನು ಅಂಗಳದ ಖುರ್ಚಿಯಲ್ಲಿ ಕೂರಿಸಿ, ಮಿಸುಕಬಾರದು ಎಂದು ದೊಡ್ಡ ಉಸ್ತಾದನಂತೆ ಅಪ್ಪಣೆ ಕೊಟ್ಟು, ಕಡ್ಡಿ ಒತ್ತಿದೆ. ಟಕ್. ಅತ್ತೆಯ ಮುಖ ಅರಳಿತು. ಆ ದಿನ ನನಗೆ ಚಹಾದ ಜೊತೆ ಬೆಲ್ಲದ ಹೋಳಿಗೆಯೂ ಸಿಕ್ಕಿತು.

ಸಾಹೇಬರು ಔರಾದಿಗೆ ಬಂದರು. ಅವರು ಬರುವ ಹಿಂದಿನ ದಿನ ಕಚೇರಿಯ ಮಂದಿಗೆ ದೌಲತ್ತು ತೋರಿಸಲು ಹೋಗಿ, ಫಿಲ್ಮು ಹಾಕಿದ ಡಬ್ಬಿಯನ್ನು ನಡುಬಿಸಿಲಿನಲ್ಲಿ ತೆರೆದು 'ನೋಡ್ರಿ ಒಳಗ ಹಿಂಗಿರ್ತದ' ಎಂದಿದ್ದೆ. ಎಂಟಕ್ಕೆ ಎಂಟೂ ಸುಟ್ಟು ಕರ್ರಗಾದವು. ಸಾಹೇಬರು ನನ್ನ ಹೆಸರನ್ನೂ ಕೇಳದೆ ಹೋದರು. ಇಷ್ಟೇ ಆಗಿದ್ದರೆ ನಗುತ್ತ ಹೇಳುವ ಕಥೆಯಾಗುತ್ತಿತ್ತು.

ಅದಾಗಿ ಹದಿನೈದು ದಿನಕ್ಕೆ ಮಾವನಿಗೆ ಜ್ವರ ಬಂದು, ಮೂರೇ ದಿನದಲ್ಲಿ ತೀರಿಕೊಂಡರು. ಸುದ್ದಿ ಔರಾದಿಗೆ ಮುಟ್ಟಿ, ನಾನು ಬಂಡಿ ಹಿಡಿದು ಭಾಲ್ಕಿಗೆ ಬರುವುದರೊಳಗೆ ಮಣ್ಣೂ ಆಗಿಹೋಗಿತ್ತು. ದಾರಿಯುದ್ದಕ್ಕೂ ಒಂದೇ ಮಾತು ಉರು ಹೊಡೆದೆ: ತೊಳೆಯುವಾಗ ಕೆಟ್ಟಿತು, ತೊಳೆಯುವಾಗ ಕೆಟ್ಟಿತು. ಸತ್ತ ಮಾವನ ಚಿಂತೆಗಿಂತ ತಸ್ಬೀರದ ಚಿಂತೆಯೇ ಹೆಚ್ಚಾಗಿತ್ತು.

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಮಾಡಿದಳು. "ಆ ತಸ್ಬೀರ ತರಬ್ಯಾಡ ತಮ್ಮಾ. ನನಗ ನೋಡ್ಲಾಕ ಆಗೂದಿಲ್ಲ. ಸುಡಬ್ಯಾಡ, ನಿನ್ನ ಹತ್ರನೇ ಇಟ್ಕೊ." ಕೈ ಕೆಳಗಿಳಿಸಿ ಅಂದಳು: "ಅವರು ಬ್ಯಾಡ ಅಂದ್ರು. ನಾನೇ ಕೂಡಿಸಿ ಕೊಂದೆ."

ಆಗ ನನಗೆ ಅನಿಸಿದ್ದೇನು ಗೊತ್ತೇ? ನಿರಾಳ. ಸುಳ್ಳು ಹೇಳುವ ಕಷ್ಟವೂ ತಪ್ಪಿತಲ್ಲ ಎಂಬ ನಿರಾಳ. ಅವಳು ತಾನು ಗಂಡನನ್ನು ಕೊಂದೆ ಅನ್ನುತ್ತಿದ್ದಾಳೆ. ಅಲ್ಲ ಎಂದು ತೋರಿಸುವ ಒಂದೇ ಮಾತು ಇಡೀ ಲೋಕದಲ್ಲಿ ನನ್ನೊಬ್ಬನ ಬಳಿ ಇದೆ. ಡಬ್ಬಿ ಖಾಲಿ ಇತ್ತು ಅತ್ತಿ, ಅದು ಯಾರ ನೆರಳನ್ನೂ ಹಿಡಿಯಲಿಲ್ಲ. ಇಷ್ಟು ಅಂದಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ಕೂತೆ. ನೋಡಿದವರು, ಪಾಪ ಹುಡುಗ ಎಷ್ಟು ದುಃಖಪಡುತ್ತಿದ್ದಾನೆ ಅಂದುಕೊಂಡರು.

ಆಮೇಲೆ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೋದಾಗಲೆಲ್ಲ ಇವತ್ತು ಹೇಳಿಬಿಡಬೇಕು ಅಂದುಕೊಂಡೇ ಹೋಗುತ್ತಿದ್ದೆ. ಒಮ್ಮೆ ನಾನು ಪಡಸಾಲೆಯಲ್ಲಿ ಕೂತಿದ್ದಾಗಲೇ, ಮಾವನ ತಮ್ಮನ ಹೆಂಡತಿ ಯಾವುದೋ ಹಿಟ್ಟಿನ ಡಬ್ಬಿಯ ಜಗಳಕ್ಕೆ ಅತ್ತೆಗೆ "ತಸ್ಬೀರ ಹಿಡಿಸಿ ಗಂಡನ್ನ ನುಂಗಿದಾಕಿ" ಅಂದಳು. ಅತ್ತೆ, ಹೌದಲ್ಲ ಅನ್ನುವಂತೆ, ಹಿಟ್ಟು ಜರಡಿ ಹಿಡಿಯುತ್ತ ಕೂತಳು. ನಾನು ಬಸಿಯಲ್ಲಿದ್ದ ಚಹಾ ಪೂರಾ ಕುಡಿದು ಮುಗಿಸಿದೆ.

ರಜಾಕಾರರ ದಿನಗಳು ಬಂದವು, ಹೋದವು. ನಿಜಾಮರ ರಾಜ್ಯವೇ ಮುಗಿಯಿತು. ಉರ್ದುವಿನಲ್ಲಿ ಬರೆಯುತ್ತಿದ್ದ ಕಚೇರಿಯಲ್ಲಿ ನಾನೇ ಕನ್ನಡದಲ್ಲಿ ಬರೆಯತೊಡಗಿದೆ. ಇಪ್ಪತ್ತು ವರ್ಷದಲ್ಲಿ ಎಲ್ಲ ಬದಲಾಯಿತು, ಈ ಒಂದು ಮಾತು ಮಾತ್ರ ಹೊರಗೆ ಬರಲಿಲ್ಲ.

ಕೊನೆಗೆ ಅತ್ತೆಯೇ ಹೇಳಿ ಕಳಿಸಿದಳು. ಎರಡೂ ಕಣ್ಣಿಗೆ ಮೋತಿಬಿಂದು ಬಂದಿದೆ, ಪೂರಾ ಕತ್ತಲಾಗುವುದರೊಳಗೆ ಒಮ್ಮೆ ಅವರ ಮುಖ ನೋಡುತ್ತೇನೆ, ಇನ್ನು ಅಂಜಿಕೆ ಇಲ್ಲ, ಆ ತಸ್ಬೀರ ತಗೊಂಡು ಬಾ. ಅವಳು ಅದು ನನ್ನ ಬಳಿ ಇದೆ ಎಂದೇ ನಂಬಿ ಇಷ್ಟು ವರ್ಷ ಕಾದಿದ್ದಳು ಎಂಬುದು ನನಗೆ ಅವತ್ತೇ ಹೊಳೆದದ್ದು.

ಆಗ ನಾನು ಬೀದರಿಗೆ ಬದಲಿಯಾಗಿದ್ದೆ, ಅಲ್ಲಿಂದ ಭಾಲ್ಕಿಗೆ ರೈಲಿನಲ್ಲಿ ಎಷ್ಟು ಮಹಾ ಹೊತ್ತಿನ ದಾರಿ? ಅಷ್ಟರಲ್ಲೇ ನನ್ನ ತಲೆಗೆ ಒಂದು ನೀಚ ಬುದ್ಧಿ ಬಂತು: ಕಣ್ಣು ಮಂಜಾಗಿದೆ, ದೊಡ್ಡ ಮೀಸೆಯ ಯಾರದಾದರೂ ಒಂದು ತಸ್ಬೀರ ಕೊಟ್ಟರೆ? ಬಂತು, ಹೋಯಿತು. ಬಂದದ್ದಂತೂ ನಿಜ, ಅದನ್ನು ಯಾಕೆ ಮುಚ್ಚಿಡಲಿ.

ಅತ್ತೆ ಪಡಸಾಲೆಯಲ್ಲಿ ಒಬ್ಬಳೇ ಕೂತು ಬತ್ತಿ ಹೊಸೆಯುತ್ತಿದ್ದಳು. ಚಪ್ಪಲಿ ಸದ್ದಿಗೇ ಗುರುತು ಹಿಡಿದು, ತಂದ್ಯಾ ಎಂದು ಕೈ ಚಾಚಿದಳು. ಆ ಕೈಯನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

"ತಸ್ಬೀರ ಇಲ್ಲ ಅತ್ತಿ. ಅವತ್ತ ಡಬ್ಬಿ ಖಾಲಿ ಇತ್ತು. ಸುಮ್ಮನ ಟಕ್ ಅನಿಸ್ದೆ." ಚೀಲದಲ್ಲಿದ್ದ ಹೊಸ ಸುರುಳಿಯ ಸಂಗತಿಯನ್ನೂ ಹೇಳಿದೆ.

ಚಾಚಿದ ಕೈ ಅವಳ ಮಡಿಲಿಗೆ ಇಳಿಯಿತು. "ಅಂದ್ರ ಅವರ ನೆಳ್ಳು ಅದರಾಗ ಹೋಗಿಲ್ಲ?"

ಇಲ್ಲ ಅಂದೆ.

"ಅಂದ್ರ ನನ್ನಿಂದ ಆಗಿದ್ದಲ್ಲ."

ಅಲ್ಲ ಅತ್ತಿ ಅಂದೆ. ಅವಳು ನೀಳವಾಗಿ ಉಸಿರು ಬಿಟ್ಟಳು. ನನಗೂ ಎದೆ ಹಗುರಾಯಿತು. ಇನ್ನೇನು ಕ್ಷಮಿಸಿ, ತಲೆ ಸವರುತ್ತಾಳೆ ಎಂದು ಕಾಯುತ್ತಲೂ ಇದ್ದೆ, ನಾಚಿಕೆಗೇಡಿ. ಆದರೆ ಅವಳು ಇನ್ನೊಂದು ಮಾತು ಅಂದಳು: "ಅಂದ್ರ ಅವರ ಮುಖ ಎಲ್ಲೂ ಇಲ್ಲ."

ಬತ್ತಿಯ ಹತ್ತಿಯನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದಳು. "ಹೋಗ್ಲಿ. ಆ ಡಬ್ಬಿ ಮ್ಯಾಲಿನ ಗಾಜಿನಾಗ ಬಗ್ಗಿ ನೋಡಿದ್ದಿ ಅಲ್ಲ? ಅದರಾಗ ಹ್ಯಾಂಗ ಕಾಣ್ತಿದ್ರು, ಅಷ್ಟರೆ ಹೇಳು."

ಹೇಳಬೇಕೆಂದು ಬಾಯಿ ತೆರೆದೆ. ಆಗ ನೆನಪಾಯಿತು. ನಾನು ನೋಡಿರಲಿಲ್ಲ. ಹೇಗೂ ಖಾಲಿ ಡಬ್ಬಿ, ಬಗ್ಗಿ ಯಾಕೆ ನೋಡಲಿ ಎಂದು ಬಗ್ಗಿದಂತೆ ನಟಿಸಿದ್ದೆ, ಕಣ್ಣು ಒಳಗಿನಿಂದ ಬರುತ್ತಿದ್ದ ಹೋಳಿಗೆಯ ತಟ್ಟೆಯ ಕಡೆಗಿತ್ತು. "ನೋಡಿರ್ಲಿಲ್ಲ ಅತ್ತಿ" ಅಂದೆ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನಾ ನಿನ್ನ ಬಾಜೂನೇ ನಿಂತಿದ್ದೆ, ನಾ ಹೇಳ್ತೇನಿ ಕೇಳು. ಅಂಗಿ ಮ್ಯಾಲಿನ ಗುಂಡಿ ಹಾಕ್ಕೊಂಡಿದ್ರು, ಎಂದೂ ಹಾಕ್ಕೊಳ್ತಿರ್ಲಿಲ್ಲ. ತಸ್ಬೀರದಾಗ ಕಾಣ್ಲಿ ಅಂತ ಕೊರಳಾಗಿನ ಲಿಂಗದ ಕರಡಿಗಿ ಅಂಗಿ ಮ್ಯಾಲ ತಗದಿದ್ರು. ಮೀಸಿ ಮ್ಯಾಲ ಒಂದು ನೊಣ ಕುಂತಿತ್ತು. ಮಿಸುಕಬ್ಯಾಡ್ರಿ ಅಂತ ನೀ ಹೇಳಿದ್ದಿ ಅಲ್ಲ, ಅದಕ್ಕ ಓಡಿಸ್ಲಿಲ್ಲ." ಅವಳು ಬತ್ತಿಯೊಂದನ್ನು ತೊಡೆಯ ಮೇಲೆ ಹೊಸೆದಳು. "ನೀ ಡಬ್ಬಿ ಚೀಲದಾಗ ಹಾಕ್ಕೊಂಡು ಒಳಗ ಬಂದ್ಬಿಟ್ಟಿ. ಏಳ್ರಿ ಅಂತ ಅವರಿಗೆ ಯಾರೂ ಹೇಳ್ಲಿಲ್ಲ. ನೀ ಹೋಳಿಗಿ ತಿನ್ನೂತನ ಹಂಗೇ ಬಿಸಿಲಾಗ ಕುಂತಿದ್ರು ತಮ್ಮಾ. ನಾ ಹೋಗಿ ಎಬ್ಬಿಸ್ದೆ."

ಅದಾದ ಮೇಲೆ ಅತ್ತೆ ನಾಲ್ಕು ವರ್ಷ ಬದುಕಿದ್ದಳು. ನಾನು ಹೋದಾಗಲೆಲ್ಲ ಮೊದಲಿನಂತೆಯೇ ಮಾತಾಡಿಸುತ್ತಿದ್ದಳು, ತಸ್ಬೀರದ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಮೇಲಿನ ಗುಂಡಿ, ಕರಡಿಗೆ, ನೊಣ. ಆ ಮನುಷ್ಯನ ರೂಪ ಎಂದು ನನ್ನ ಬಳಿ ಇರುವುದು ಈ ಮೂರೇ, ಅವೂ ನಾನು ಕಂಡವಲ್ಲ.

ಮೊನ್ನೆ ಹೆಂಡತಿಯನ್ನು ಕರೆದು ಕಟ್ಟೆಯ ಮೇಲೆ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಮದುವೆಯಾದ ನಲವತ್ತು ವರ್ಷದಲ್ಲಿ ಮೊದಲ ಸಲ. ನೀಲಮ್ಮತ್ತೆ ಅವಳಿಗೂ ಗೊತ್ತಿದ್ದವಳೇ. ಭಾಲ್ಕಿಗೆ ಹೋದಾಗಲೆಲ್ಲ ಅವಳ ಕೈಯ ರೊಟ್ಟಿ ತಿಂದವಳು. ಕೇಳಿ ಮುಗಿಸಿದ ಮೇಲೆ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. "ಮತ್ತ ನನಗ ಯಾಕ ಒದರಿದ್ರಿ?" ಎಂದಷ್ಟೇ ಕೇಳಿದಳು. ನ್ಯಾಯವಾದ ಮಾತು.

ಆಮೇಲೆ ಸೆರಗಿನಿಂದ ಡಬ್ಬಿಯ ಮೇಲಿನ ಗಾಜು ಒರೆಸಿ, ಅಂಗಳದ ಖುರ್ಚಿ ತೋರಿಸಿ, ಕುಂದ್ರಿ ಅಂದಳು. ನಾನು ಹೋಗಿ ಕೂತೆ. ಅವಳು ಡಬ್ಬಿಯನ್ನು ಹೊಟ್ಟೆಗೆ ಆನಿಸಿಕೊಂಡು, ಬಗ್ಗಿ, ಗಾಜಿನೊಳಗೆ ಬಹಳ ಹೊತ್ತು ನೋಡಿದಳು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಒಳಗೆ ಏನೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ನಾನು ಮಿಸುಕಲಿಲ್ಲ. ಟಕ್ ಅಂತು. ಅವಳು ಡಬ್ಬಿಯನ್ನು ಟ್ರಂಕಿನೊಳಗಿಟ್ಟು, ಹರಡಿದ ಶಾಲುಗಳನ್ನು ಒಂದೊಂದಾಗಿ ಮಡಿಚಿ, ಮುಚ್ಚಳ ಹಾಕಿ, ಒಳಗೆ ಹೋದಳು. ನಾನು ಕೂತೇ ಇದ್ದೆ.

ಸ್ವಲ್ಪ ಹೊತ್ತಿಗೆ ಅವಳು ಬಾಗಿಲಿಗೆ ಬಂದು, "ಏಳ್ರಿ ಇನ್ನ, ರೊಟ್ಟಿ ಆರ್ತಾವ" ಅಂದಳು.

ಎದ್ದೆ.